ಬಾರ್ಲೋ ದಾರಿಯ ಕಡೆಯವನು

ಜನೀಲ್ ಫೋನ್ ಮಾಡಿದಾಗ ನಾನು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಅವಳು ನನ್ನ ಹಳೇ ಗೆಳೆಯ ಡಿಲಾಯ್‌ನ ಒಬ್ಬಳೇ ಮಗಳು, ದೂರದ ಫೀನಿಕ್ಸ್ ನಗರದಲ್ಲಿ ಸಂಸಾರ. ರಕ್ತಸಂಬಂಧ ಏನೂ ಇಲ್ಲದಿದ್ದರೂ ಮಾತು ಕಲಿತಾಗಿನಿಂದ ನನ್ನನ್ನು ಆಂಟಿ ಎಂದೇ ಕರೆಯುತ್ತಾಳೆ.

"ಆರ್ಡಿತ್ ಆಂಟಿ, ಅಪ್ಪನ ಜೊತೆ ಬಾರ್ಲೋ ದಾರಿಗೆ ಹೊರಟಿದ್ದೀರಂತೆ."

"ಪ್ರತಿ ಅಕ್ಟೋಬರ್ ಹೋಗೋದೇ ಅಲ್ವಾ. ಹೊಸದೇನಿದೆ ಅದ್ರಲ್ಲಿ?"

"ಹಾಗಲ್ಲ. ಈ ಸಲ ಅವರನ್ನ ಸ್ವಲ್ಪ ಗಮನಿಸ್ತೀರಾ? ಮರೆವು ಜಾಸ್ತಿ ಆಗಿದೆ ಅನ್ಸತ್ತೆ ನಂಗೆ. ಡಾಕ್ಟ್ರ ಹತ್ರ ಹೋದ್ರೆ ಜೋಕು ಹೇಳಿ ಅವರನ್ನೇ ನಗಿಸಿ ಎದ್ದು ಬರ್ತಾರೆ. ಒಬ್ರೇ ಇರೋಕಾಗತ್ತೆ ಅಂತ ನೀವು ಹೇಳಿದ್ರೆ ಮತ್ತೆ ಈ ಮಾತೇ ಎತ್ತಲ್ಲ. ಆಗಲ್ಲ ಅಂದ್ರೆ ಬಂದು ಇಲ್ಲಿಗೆ ಕರ್ಕೊಂಡು ಬರ್ತೀನಿ."

ನನಗೆ ಸಿಟ್ಟು ಬಂತು. ಐವತ್ತು ವರ್ಷದ ಗೆಳೆಯನ ಬೆನ್ನ ಹಿಂದೆ ಬೇಹುಗಾರಿಕೆ ಮಾಡು ಅಂತ ಹೇಳಿಸಿಕೊಳ್ಳುವ ವಯಸ್ಸೇ ನನ್ನದು? ಆದರೆ ಹುಡುಗಿಯ ದನಿ ನಡುಗುತ್ತಿತ್ತು. "ನೋಡೋಣ ಬಿಡು" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನನ್ನ ಜಾಯಮಾನವಲ್ಲ, ಅವತ್ತು ಮಾತ್ರ ಇಟ್ಟೆ.

ಬಾರ್ಲೋ ದಾರಿ ನಮ್ಮೂರು ಬಿಟರ್ ವೆಲ್‌ನ ಹಿಂದಿನ ದಿಬ್ಬದಿಂದ ಹತ್ತಿ, ಕೆಂಪು ಬಂಡೆಗಳ ಅಂಚಿನಲ್ಲೇ ಹೋಗಿ, ನಾಲ್ಕು ದಿನ ಸತಾಯಿಸಿ ಕೊಲರಾಡೋ ನದಿಗೆ ಇಳಿಯುತ್ತದೆ. ಅದನ್ನು ಮಾಡಿದವರು ನಮ್ಮ ಅಪ್ಪಂದಿರು, ಸೈಕಲ್ಲಿಗಾಗಿ ಅಲ್ಲ, ಯುರೇನಿಯಂಗಾಗಿ. ಎಲ್ಲಿ ಅದಿರಿನ ವಾಸನೆ ಬಡಿಯಿತೋ ಅಲ್ಲಿಗೆ ಬುಲ್ಡೋಜರ್ ನುಗ್ಗಿಸಿದರು. ಗಣಿ ಮುಚ್ಚಿದ ಮೇಲೆ ಊರಿಗೆ ಉಳಿದದ್ದು ಎರಡೇ: ಎಲ್ಲಿಗೂ ಹೋಗದ ದಾರಿಗಳು, ಕೆಲಸವಿಲ್ಲದ ನಾವು. ಆಗ ನನ್ನ ಗಂಡ ವರ್ಲ್ ಬೆಸುಗೆ ಅಂಗಡಿಯಲ್ಲಿ ಕೂತು ಹಳೇ ಸೈಕಲ್ಲುಗಳನ್ನು ಕತ್ತರಿಸಿ, ಪೈಪು ಸೇರಿಸಿ, ಮೋಟಾರ್ ಬೈಕಿನ ಹ್ಯಾಂಡಲ್ ಹಾಕಿ ಏನೋ ಒಂದನ್ನು ಮಾಡಿದ. ಅದರ ಭಾರ ಕರುವಿನಷ್ಟಿತ್ತು. ಡಿಲಾಯ್ ಅದನ್ನು ಹತ್ತಿ ಗಣಿಯ ಇಳಿಜಾರಿನಲ್ಲಿ ಬಿಟ್ಟ, ಕೆಳಗೆ ಸೇಜ್ ಪೊದೆಯೊಳಗೆ ಬಿದ್ದ, ಎದ್ದು ಬಂದು, "ಇನ್ನೊಂದು ಮಾಡೋ, ಒಬ್ಬನೇ ಬೀಳೋಕೆ ಬೇಜಾರು" ಎಂದ. ಬಾರ್ಲೋ ದಾರಿಯ ಸವಾರಿ ಶುರುವಾದದ್ದು ಹಾಗೆ.

ಎಂಥ ದಿನಗಳು ಅವು! ಹೆಲ್ಮೆಟ್ ಇಲ್ಲ, ನಕ್ಷೆ ಇಲ್ಲ. ಹಸಿವಾದರೆ ಟಾರ್ಟಿಯಾ ರೊಟ್ಟಿಗೆ ಕಡಲೆಕಾಯಿ ಬೆಣ್ಣೆ ಸವರಿ ಸುತ್ತಿಕೊಳ್ಳುವುದು, ಡಬ್ಬಿಯ ಪೀಚ್ ಹಣ್ಣನ್ನು ಸ್ಕ್ರೂಡ್ರೈವರಿನಿಂದ ಒಡೆದು ಅದರ ಪಾಕವನ್ನು ಸರದಿಯ ಮೇಲೆ ಕುಡಿಯುವುದು. ಒಂದು ವರ್ಷ ನಾವು ಹದಿನೈದು ಜನ ಇದ್ದೆವು. ಆಮೇಲೆ ಒಬ್ಬನಿಗೆ ಮಂಡಿ, ಒಬ್ಬಳಿಗೆ ಮೊಮ್ಮಕ್ಕಳು, ಇನ್ನೊಬ್ಬನಿಗೆ ಮೂರನೇ ಹೆಂಡತಿ, ಹೀಗೆ ಒಬ್ಬೊಬ್ಬರೇ ಕೈಬಿಟ್ಟರು. ಎಂಟು ವರ್ಷದ ಹಿಂದೆ ವರ್ಲ್ ಹೋದ. ಗ್ಯಾರೇಜಿನಲ್ಲಿ ಯಾರದೋ ಚಕ್ರದ ಸೊಟ್ಟ ತೆಗೆಯುತ್ತಿದ್ದವನು ಹಾಗೆಯೇ ಕುರ್ಚಿಗೆ ಒರಗಿದ, ಹೃದಯ ನಿಂತಿತ್ತು. ಈಗ ಬಾರ್ಲೋ ದಾರಿಗೆ ಹೋಗುವುದು ನಾನು ಮತ್ತು ಡಿಲಾಯ್, ಇಬ್ಬರೇ.

ಹೊರಡುವ ಒಂದು ವಾರ ಮುಂಚೆ ಎಂದಿನಂತೆ ಟ್ರಕ್ಕಿನಲ್ಲಿ ಹೋಗಿ ನೀರಿನ ಕ್ಯಾನುಗಳನ್ನು ದಾರಿಯುದ್ದಕ್ಕೂ ಅಲ್ಲಲ್ಲಿ ಹೂತಿಟ್ಟು ಬಂದೆವು. ಆ ದಾರಿಯಲ್ಲಿ ನೀರು ಸಿಗುವುದಿಲ್ಲ. ಹೂತ ಜಾಗ ಮರೆತವನು ನಾಲಿಗೆ ಒಣಗಿಸಿಕೊಂಡು ಹಿಂದಿರುಗಬೇಕಾದೀತು.

ಮೊದಲ ದಿನ ನಾನು ಅವನನ್ನು ಗಮನಿಸಿದ್ದೇ ಗಮನಿಸಿದ್ದು. ಎಪ್ಪತ್ತರ ಗಂಡಸು, ಕಲ್ಲಿನ ಮೆಟ್ಟಿಲುಗಳ ಮೇಲೆ ಮುಂದಿನ ಚಕ್ರ ಎತ್ತಿ ಇಡುವುದು ನೋಡಿದರೆ ಮೂವತ್ತರವರು ನಾಚಬೇಕು. ಎಲ್ಲಿ ಗೇರು ಇಳಿಸಬೇಕು, ಎಲ್ಲಿ ಸೀಟಿನಿಂದ ಹಿಂದಕ್ಕೆ ಜಾರಿ ಕೂರಬೇಕು, ಅವನ ಮೈಗೆ ಎಲ್ಲ ಗೊತ್ತಿತ್ತು. ನನ್ನ ಟೈರಿಗೆ ನೆಗ್ಗಿಲು ಮುಳ್ಳು ಹೊಕ್ಕಾಗ ಕಿತ್ತು ಬಿಸಾಡಲು ಹೋದೆ.

"ಕೀಳಬೇಡ್ವೇ," ಅಂದ. "ಅದು ಇರೋದ್ರಿಂದ್ಲೇ ಗಾಳಿ ನಿಂತಿದೆ. ನಿನಗೆ ಇನ್ನೂ ಎಷ್ಟು ವರ್ಷ ಹೇಳಿಕೊಡ್ಬೇಕು?"

"ನೀ ಹೇಳಿಕೊಟ್ಟಿದ್ದನ್ನೆಲ್ಲ ಕೇಳಿದ್ರೆ ನಾನು ಯಾವತ್ತೋ ಪ್ರಪಾತದಲ್ಲಿರ್ತಿದ್ದೆ."

"ಇರ್ತಿದ್ದೆ. ಈ ದಾರಿ ಎಷ್ಟು ನಿಶ್ಶಬ್ದವಾಗಿರೋದು."

ಇಂಥವನಿಗೆ ಮರೆವೇ? ಜನೀಲ್‌ಗೆ ಹುಲ್ಲುಕಡ್ಡಿ ಗುಡ್ಡವಾಗಿ ಕಾಣುತ್ತಿದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಒಂದು ಸಣ್ಣ ವಿಷಯ ನಡೆಯಿತು. ನಾನು ಒಲೆ ಹಚ್ಚಿ ಕಾಫಿ ಕಾಸಿದೆ. ಡಿಲಾಯ್ ಬಂದು ಕೂತು ಲೋಟ ಒಡ್ಡಿದ. ನಾನು ಬಗ್ಗಿಸಿದೆ, ಅವನು ಕುಡಿದ. ಅವನ ಚರ್ಚಿನವರಿಗೆ ಕಾಫಿ ನಿಷಿದ್ಧ. ಐವತ್ತು ವರ್ಷ ಈ ಮನುಷ್ಯ ನನ್ನ ಒಲೆಯ ಪಕ್ಕ ಕೂತು ಬಿಸಿನೀರಿಗೆ ಚಾಕೊಲೇಟ್ ಪುಡಿ ಕಲಸಿಕೊಂಡು, ನನ್ನನ್ನೂ ವರ್ಲ್‌ನನ್ನೂ ಪಾಪಿಗಳೆಂದು ಗೇಲಿ ಮಾಡಿಕೊಂಡೇ ಬಂದವನು.

"ಏನೋ ಇದು, ಇಳಿವಯಸ್ಸಲ್ಲಿ ಕೆಟ್ಟೋದ್ಯಾ?" ಎಂದೆ.

ಲೋಟದ ಕಡೆ ನೋಡಿದ. ಒಂದು ಕ್ಷಣ ಅವನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ನಕ್ಕು, "ಬಿಷಪ್‌ಗೆ ಹೇಳ್ಬೇಡ," ಎಂದ. ನಾನೂ ನಕ್ಕೆ. ತುಂಟಾಟ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಅವತ್ತು ಮಧ್ಯಾಹ್ನ ನಾವು ದೊಡ್ಡ ಜುನಿಪರ್ ಮರದ ಬಳಿ ಬಲಕ್ಕೆ ತಿರುಗಿದೆವು. ಡಿಲಾಯ್ ಮುಂದೆ, ನಾನು ಹಿಂದೆ. ದಾರಿಗೆ ಅಡ್ಡಲಾಗಿ ಒಣಕೊಂಬೆಗಳು ರಾಶಿ ಬಿದ್ದಿದ್ದವು.

"ಯಾವ ಅಯೋಗ್ಯರೋ ಇವನ್ನ ಇಲ್ಲಿ ತಂದು ಹಾಕಿರೋದು," ಎಂದು ಡಿಲಾಯ್ ಬೈದ.

"ಕ್ಯಾಲಿಫೋರ್ನಿಯಾದೋರು," ಎಂದೆ. ನಮ್ಮೂರಿನಲ್ಲಿ ಏನು ಕೆಟ್ಟರೂ ಅವರದೇ ತಪ್ಪು.

ಇಬ್ಬರೂ ಇಳಿದು ಕೊಂಬೆಗಳನ್ನು ಎಳೆದು ಪಕ್ಕಕ್ಕೆ ಹಾಕಿದೆವು. ಬೆವರು ಒರೆಸಿಕೊಂಡು, ದಾರಿ ಸ್ವಚ್ಛ ಮಾಡಿದ ಪುಣ್ಯ ನಮಗೆ ಬರಲಿ ಎಂದು ಮುಂದೆ ಹೋದೆವು. ಹೋಗಿ, ಹೋಗಿ, ಬಿಸಿಲು ನೆತ್ತಿಯಿಂದ ಬೆನ್ನಿಗೆ ಇಳಿಯಿತು. ದಾರಿ ಕಿರಿದಾಯಿತು, ಹುಲ್ಲು ಬೆಳೆದಿತ್ತು, ಕೊನೆಗೆ ಒಂದು ಒಣಹಳ್ಳದ ಅಂಚಿಗೆ ಬಂದು ಕಡಿದುಹೋಯಿತು. ಮುಂದೆ ಪ್ರಪಾತ, ಮಳೆಗೆ ಕೊಚ್ಚಿಹೋದ ಬಂಡೆ.

ಆಗ ನನಗೆ ಹೊಳೆಯಿತು. ಈ ದಾರಿಯನ್ನು ಭೂಮಿ ಇಲಾಖೆಯವರು ಮುಚ್ಚಿ ಎಷ್ಟೋ ಕಾಲವಾಗಿದೆ. ಹೊಸ ದಾರಿ ಜುನಿಪರ್ ಮರದ ಎಡಕ್ಕೆ, ಗುಡ್ಡವನ್ನು ಬಳಸಿ ಹೋಗುತ್ತದೆ. ಹಳೇ ದಾರಿಗೆ ಯಾರೂ ಹೋಗಬಾರದೆಂದು ಕೊಂಬೆ ಅಡ್ಡ ಹಾಕಿಸಿದ್ದರು. ಆ ಕೆಲಸಕ್ಕೆ ಊರಿನಿಂದ ಸ್ವಯಂಸೇವಕರು ಹೋಗಿದ್ದೆವು. ನಾನು ಹೋಗಿದ್ದೆ. ಡಿಲಾಯ್ ಹೋಗಿದ್ದ. ಆ ಕೊಂಬೆಗಳನ್ನು ಅಲ್ಲಿ ಹಾಸಿದ ಅಯೋಗ್ಯರು ನಾವೇ.

ಹೇಳಿದೆ. ಡಿಲಾಯ್ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಬಂಡೆಯ ಮೇಲೆ ಬಿದ್ದು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕೆವು. ಬಾಟಲಿಗಳಲ್ಲಿ ಒಂದು ಗುಟುಕಿನಷ್ಟು ನೀರಿತ್ತು, ಕ್ಯಾನು ಹೂತಿದ್ದು ಹೊಸ ದಾರಿಯಲ್ಲಿ, ಹೋದ ವಾರ ಟ್ರಕ್ಕಿನಲ್ಲಿ ಆ ಕಡೆ ಹೋದದ್ದು ಬೇರೆ ರಸ್ತೆಯಿಂದ.

"ಮೂವತ್ತು ವರ್ಷ ಬಲಕ್ಕೇ ತಿರುಗಿದ್ವಲ್ಲೇ," ಎಂದ ಡಿಲಾಯ್. "ಕೈ ತಾನಾಗೇ ತಿರುಗ್ತು."

"ನಂದೂ ಹಾಗೇ."

ವಾಪಸ್ಸು ತಳ್ಳಿಕೊಂಡೇ ಬಂದೆವು, ನಾಲಿಗೆ ಅಂಟುತ್ತಿತ್ತು. ಕೊಂಬೆಗಳನ್ನು ಮತ್ತೆ ಎಳೆದು ದಾರಿಗೆ ಅಡ್ಡ ಹಾಕಿದೆವು, ಈ ಸಲ ಇನ್ನೂ ದೊಡ್ಡ ರಾಶಿ. ಸೂರ್ಯ ಮುಳುಗುವ ಮೊದಲು ಕ್ಯಾನು ಅಗೆದು ತೆಗೆದು ನೀರು ಕುಡಿದದ್ದು, ಪೀಚ್ ಡಬ್ಬಿ ಒಡೆದದ್ದು, ಬಂಡೆಯೆಲ್ಲ ಕೆಂಡದ ಬಣ್ಣಕ್ಕೆ ತಿರುಗಿದ್ದು, ಎಲ್ಲ ಹಳೇ ಕಾಲದ ಹಾಗೇ ಇತ್ತು. ವರ್ಲ್ ಇದ್ದಿದ್ದರೆ ಈ ಕಥೆಯನ್ನು ಊರಿಡೀ ಸಾರುತ್ತಿದ್ದ. ಅವನಿಲ್ಲದ ಕೊರತೆ ಆ ಹೊತ್ತಿನಲ್ಲಿ ಎದೆಯನ್ನು ಹಿಂಡಿತು, ಆದರೂ ನಾನು ಸಂತೋಷವಾಗಿದ್ದೆ. ಬಹಳ ವರ್ಷಗಳಿಂದ ಅಷ್ಟು ಸಂತೋಷವಾಗಿರಲಿಲ್ಲ.

ಜನೀಲ್‌ಗೆ ಏನು ಹೇಳಬೇಕೆಂದು ಆಗಲೇ ತೀರ್ಮಾನಿಸಿದೆ. ನಿಮ್ಮಪ್ಪ ದಾರಿ ತಪ್ಪಿದ, ನಿಜ. ನಾನೂ ತಪ್ಪಿದೆ. ಅವನನ್ನು ಕರೆದುಕೊಂಡು ಹೋಗುವುದಾದರೆ ನನಗೂ ಒಂದು ಕೋಣೆ ಗೊತ್ತುಮಾಡು.

ಮೂರನೇ ದಿನ ಬೆಳಿಗ್ಗೆ ದನದ ಬಯಲು ಶುರುವಾಗುವಲ್ಲಿ ಮುಳ್ಳುತಂತಿಯ ಗೇಟು ಬಂತು, ತಂತಿಯ ತುದಿಗೆ ಕಟ್ಟಿದ ಕೋಲನ್ನು ಕಂಬಕ್ಕೆ ಸಿಕ್ಕಿಸಿ ಮುಚ್ಚುವಂಥದು. ಇಂಥ ಗೇಟುಗಳಿಗೆ ನಮ್ಮಲ್ಲೊಂದು ಪದ್ಧತಿಯಿದೆ. ಮೊದಲು ತಲುಪಿದವರು ಬಿಚ್ಚಿ, ಕೋಲು ಹಿಡಿದು ನಿಲ್ಲಬೇಕು. ಕಡೆಯವರು ದಾಟಿ, ತಾವೇ ಕೈಯಾರೆ ಮುಚ್ಚಬೇಕು. ತನ್ನ ಹಿಂದೆ ಯಾರೂ ಇಲ್ಲ ಎಂದು ಗೊತ್ತಿರುವುದು ಕಡೆಯವನಿಗೆ ಮಾತ್ರ. ಅವನು ಮುಚ್ಚುವವರೆಗೆ ಯಾರೂ ಕದಲುವ ಹಾಗಿಲ್ಲ. ನಮ್ಮಲ್ಲಿ ಕಡೆಯವನು ಯಾವಾಗಲೂ ವರ್ಲ್. ನಿಧಾನದವನೆಂದಲ್ಲ, ದಾರಿಯಲ್ಲಿ ಯಾವ ಕಲ್ಲು ಕಂಡರೂ ಎತ್ತಿ ನೋಡಬೇಕು ಅವನಿಗೆ. ನಾವೆಲ್ಲ ಗೇಟಿನ ಬಳಿ ಬಿಸಿಲಲ್ಲಿ ಬೇಯುತ್ತ ಬೈಯುತ್ತಿದ್ದರೆ ಜೇಬಿನ ತುಂಬ ಕಲ್ಲು ತುಂಬಿಕೊಂಡು ಶಿಳ್ಳೆ ಹಾಕುತ್ತ ಬರುತ್ತಿದ್ದ. ಅವನು ಹೋದ ಮೇಲೆ ಮುಚ್ಚುವ ಕೆಲಸ ನನ್ನದಾಗಿತ್ತು.

ಡಿಲಾಯ್ ಗೇಟು ಬಿಚ್ಚಿ ಹಿಡಿದ. ನಾನು ದಾಟಿ, ಸೈಕಲ್ ಒರಗಿಸಿ ಮುಚ್ಚಲು ಬಂದೆ. ಅವನು ಕೋಲು ಬಿಡಲಿಲ್ಲ.

"ಕೊಡೋ."

"ತಾಳು," ಎಂದ. "ವರ್ಲ್ ಬರ್ಲಿ."

ತಮಾಷೆಯೇನೋ ಎಂದು ಅವನ ಮುಖ ನೋಡಿದೆ. ತಮಾಷೆ ಇರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ನಾವು ಬಂದ ದಾರಿಯನ್ನೇ ನೋಡುತ್ತಿದ್ದ.

"ಎಲ್ಲೋ ಕಲ್ಲು ಆರಿಸ್ತಾ ಕೂತಿರ್ತಾನೆ ನಿನ್ನ ಗಂಡ," ಎಂದ. "ಹೀಗಾದ್ರೆ ನಾಳೆಗೆ ನದಿ ಸೇರಿದ ಹಾಗೇ ಇದೆ."

ನಾನೂ ತಿರುಗಿ ಆ ದಾರಿಯನ್ನೇ ನೋಡಿದೆ. ಕೆಂಪು ದಾರಿ, ಎರಡು ಕಡೆ ಸೇಜ್ ಪೊದೆ, ನಮ್ಮಿಬ್ಬರ ಟೈರಿನ ಗುರುತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಕಾದೆ. ಎಂಟು ವರ್ಷದ ಮೇಲೆ ಒಬ್ಬ ಮನುಷ್ಯ ನನ್ನ ಗಂಡ ಇನ್ನೇನು ಬರುತ್ತಾನೆ ಎಂದು ಅಷ್ಟು ಖಚಿತವಾಗಿ ಹೇಳುತ್ತಿದ್ದಾಗ, ಇಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಶಿಳ್ಳೆ ಕೇಳುತ್ತದೇನೋ ಎಂದು ಕಿವಿಗೊಟ್ಟೆ. ಗಾಳಿ ಇತ್ತು, ಎಲ್ಲೋ ದೂರದಲ್ಲಿ ಒಂದು ದನ ಕೂಗುತ್ತಿತ್ತು.

ಕಡೆಗೆ ಅವನ ಕೈ ಸೋತು ಕೋಲು ವಾಲತೊಡಗಿತು. ಅದನ್ನು ನೋಡಿ ನನಗೆ ಬುದ್ಧಿ ಬಂತು.

"ಡಿಲಾಯ್, ವರ್ಲ್ ಬರಲ್ಲ ಕಣೋ."

"ಯಾಕೆ? ಪಂಚರ್ ಆಯ್ತಾ?"

"ಅವನು ತೀರಿಕೊಂಡ. ಎಂಟು ವರ್ಷ ಆಯ್ತು."

ಕೋಲು ಅವನ ಕೈಯಿಂದ ಜಾರಿತು. ಗೇಟು ಮಣ್ಣಿಗೆ ಬಿತ್ತು. ಅವನು ಮೆಲ್ಲಗೆ ಕಂಬದ ಬುಡದಲ್ಲಿ ಕುಕ್ಕರಿಸಿ ಹೆಲ್ಮೆಟ್ ತೆಗೆದ. ಸುದ್ದಿ ಅವನಿಗೆ ಈಗಷ್ಟೇ ತಲುಪಿತ್ತು. ವರ್ಲ್ ಸತ್ತ ದಿನ ಅವನು ಹೇಗೆ ಅತ್ತಿದ್ದನೋ ಹಾಗೆಯೇ, ಸದ್ದಿಲ್ಲದೆ, ಭುಜ ಕುಣಿಸುತ್ತ ಅತ್ತ. ನಾನು ಪಕ್ಕದಲ್ಲಿ ಕೂತೆ. ನನಗೂ ತಡೆಯಲಾಗಲಿಲ್ಲ.

"ಅವನ ಮಣ್ಣಿಗೆ ನಾನಿದ್ನಾ?" ಎಂದು ಕೇಳಿದ.

"ಇದ್ದೆ. ಪೆಟ್ಟಿಗೆಗೆ ಮುಂದಿನ ಹೆಗಲು ನಿಂದೇ."

"ಸರಿ," ಎಂದ. ಹೆಲ್ಮೆಟ್ಟಿನ ಧೂಳು ಒರೆಸಿ ಇನ್ನೊಮ್ಮೆ, "ಹಾಗಾದ್ರೆ ಸರಿ."

ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದ. ಆಗ ಅವನ ಕಣ್ಣು ಪೂರ್ತಿ ತಿಳಿಯಾಗಿತ್ತು.

"ಜನೀಲ್‌ಗೆ ಇದನ್ನ ಹೇಳ್ತೀಯಲ್ಲ?"

ನಾನು ಬೆಚ್ಚಿದೆ. "ನಿಂಗೆ ಹೇಗೆ ಗೊತ್ತು?"

"ನಿನ್ನ ಕೇಳು ಅಂತ ಅವಳಿಗೆ ಹೇಳಿದ್ದೇ ನಾನು. ಡಾಕ್ಟ್ರ ಮುಂದೆ ಹೇಗೋ ಸಂಭಾಳಿಸಿಬಿಡ್ತೀನಿ. ಈ ದಾರೀಲಿ ನಿನ್ನ ಮುಂದೆ ಆಗಲ್ಲ. ಊರಲ್ಲಿ ಎಲ್ಲಾರೂ ನಂಗೆ ಒಳ್ಳೇ ಮಾತು ಹೇಳೋರೇ. ಮುಖಕ್ಕೆ ಹೊಡೆದ ಹಾಗೆ ಹೇಳೋಳು ನೀನೊಬ್ಳೇ."

"ಇಂಥ ಕೆಲಸಕ್ಕೆ ನಾನೇ ಸಿಕ್ಕಿದ್ನಾ ನಿಂಗೆ?" ಎಂದು ರೇಗಿದೆ. "ನಿನ್ನೆ ನಾನೂ ದಾರಿ ತಪ್ಪಿದೆ. ನಾನೂ ನಿನ್ನ ಹಾಗೇ."

"ದಾರಿ ತಪ್ಪೋದು ಬೇರೆ, ಆರ್ಡಿತ್. ಹೋದ ತಿಂಗಳು ಒಲೆ ಹಚ್ಚಿಟ್ಟು ಟ್ರಕ್ ಹತ್ಕೊಂಡು ಗಣಿ ಗೇಟಿಗೆ ಹೋಗಿದ್ದೆ, ಕೆಲಸಕ್ಕೆ. ಗಣಿ ಎಲ್ಲಿದೆ ಈಗ?" ಅವನು ಹೆಲ್ಮೆಟ್ ಹಾಕಿಕೊಂಡ. "ಮನೆ ಸುಟ್ಟು ಹೋದ್ರೆ ಹೋಗ್ಲಿ, ಪಕ್ಕದ ಮನೇಲಿ ಮಕ್ಕಳಿದಾವೆ. ನೀನು ಹೇಳು. ಆಮೇಲೆ ನಾನು ಮರೆತು ನಿನ್ನ ಹತ್ರ ಜಗಳಕ್ಕೆ ಬರ್ತೀನಿ, ನೋಡ್ತಿರು. ಆಗ್ಲೂ ಮಾತು ಬದಲಾಯಿಸಬೇಡ. ಆಣೆ ಇಡು."

ಆಣೆ ಇಟ್ಟೆ. ಇಬ್ಬರೂ ಸೇರಿ ಗೇಟು ಎತ್ತಿ ಕಟ್ಟಿದೆವು.

ಮೊಬೈಲ್ ಸಿಗುವುದು ಅಲ್ಲಿಂದ ಮುಂದೆ, ಏರು ಹತ್ತಿದ ಮೇಲೆ, ಬೋಳು ಬಂಡೆಯ ನೆತ್ತಿಯಲ್ಲಿ. ಅಲ್ಲಿಂದ ಲಾ ಸಾಲ್ ಬೆಟ್ಟಗಳೂ, ಕೆಳಗೆ ನದಿಯ ಹಸಿರು ಗೆರೆಯೂ ಕಾಣುತ್ತವೆ. ಪ್ರತಿ ವರ್ಷ ಅಲ್ಲಿ ನಿಂತು, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು, ಯಾವನೂ ಸಾಯಲಿಲ್ಲವಲ್ಲ ಎಂದು ಕೂಗುತ್ತಿದ್ದೆವು. ಡಿಲಾಯ್ ಬಂಡೆಯ ಆ ಕಡೆ ನೆರಳಲ್ಲಿ ಒಣಮಾಂಸ ಜಗಿಯುತ್ತ ಕೂತ. ನಾನು ದೂರ ಹೋಗಿ ಫೋನ್ ಮಾಡಿದೆ.

ಗೇಟಿನದನ್ನೂ, ಒಲೆಯದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೊನೆಗೆ, "ಭಾನುವಾರ ಬರ್ತೀನಿ ಆಂಟಿ," ಎಂದಳು. "ಅಪ್ಪನ ಸೈಕಲ್ಲೂ ಇಲ್ಲಿಗೆ ತರ್ತೀನಿ. ಇಲ್ಲೂ ಗುಡ್ಡ ಇದಾವೆ. ನೀವು ಬಂದು ಹೋಗ್ತಿರ್ಬೇಕು." ಹೂಂ ಎಂದೆ.

ವಾಪಸ್ಸು ಬಂದಾಗ ಡಿಲಾಯ್ ಹಲ್ಲುಕಡ್ಡಿ ಆಡಿಸುತ್ತ ಹಾಯಾಗಿ ಕೂತಿದ್ದ.

"ಯಾರದು ಫೋನು?"

"ಜನೀಲ್."

"ಏನಂತೆ?"

"ನೀನು ಒಬ್ಬನೇ ಇರೋಕಾಗತ್ತಾ ಅಂತ ಕೇಳಿದ್ಳು."

"ಈ ಹುಡುಗೀಗೆ ಬೇರೆ ಕಸುಬಿಲ್ಲ," ಎಂದು ನಕ್ಕ. "ಚೆನ್ನಾಗಿದ್ದಾನೆ ಅಂದ್ಯಲ್ಲ?"

ಅವನ ಮುಖ ನೋಡಿದೆ. ಗೇಟು, ಅಳು, ಆಣೆ, ಯಾವುದರ ಗುರುತೂ ಅಲ್ಲಿರಲಿಲ್ಲ. ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು. ಉಳಿದ ದಾರಿಯನ್ನು ನಗುತ್ತ ಇಳಿಯಬಹುದಿತ್ತು.

"ಇಲ್ಲ ಕಣೋ," ಎಂದೆ. "ಆಗಲ್ಲ ಅಂದೆ. ಭಾನುವಾರ ಬಂದು ಕರ್ಕೊಂಡು ಹೋಗ್ತಾಳೆ."

ಅವನ ಮುಖ ಕೆಂಪೇರಿತು. ಎದ್ದು, ಸೈಕಲ್ ಎತ್ತಿಕೊಂಡು, ಹೆಲ್ಮೆಟ್ಟಿನ ಪಟ್ಟಿ ಹಾಕಲು ಮೂರು ಸಲ ತಡವರಿಸಿದ.

"ಯಾರು ಕೊಟ್ರು ನಿಂಗೆ ಆ ಅಧಿಕಾರ?" ಎಂದ. "ನಿನ್ನ ನಂಬಿದ್ನಲ್ಲ ನಾನು. ವರ್ಲ್ ಬದುಕಿದ್ದಿದ್ರೆ ನಿನ್ನ ಹೀಗೆ ಮಾಡೋಕೆ ಬಿಡ್ತಿರ್ಲಿಲ್ಲ."

ಪೆಡಲು ತುಳಿದು ಇಳಿಜಾರಿಗೆ ಬಿಟ್ಟುಕೊಂಡ. ಬ್ರೇಕಿನ ಸದ್ದೇ ಇಲ್ಲ. ತಿರುವಿನಲ್ಲಿ ಮೈ ವಾಲಿಸಿದ ರೀತಿ ಮೂವತ್ತರ ಡಿಲಾಯ್‌ನದೇ. ಅವನ ಮಾತು ನನಗೆ ನಾಟಿತ್ತು, ಇವತ್ತಿಗೂ ನಾಟಿದೆ. ಆದರೂ ಅವನ ಹಿಂದೆ ಇಳಿಯುವಾಗ ಒಂದು ಸಮಾಧಾನವಿತ್ತು. ವರ್ಲ್ ಸತ್ತಿದ್ದಾನೆಂದು ಅವನಿಗೆ ನೆನಪಿತ್ತು, ಅದನ್ನು ಇನ್ನೊಮ್ಮೆ ನಾನು ಹೇಳಬೇಕಾಗಲಿಲ್ಲ.